ಜೋಡಿ ನಕ್ಷತ್ರಗಳಿಂದ ದೂರದರ್ಶಕವನ್ನು ಒರೆಗೆ ಹಚ್ಚುವುದು

ನವೆಂಬರಿನ ಒಂದು ಸಂಜೆ, ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯ ಮೂರನೆಯ ಮಹಡಿಯ ಹುಡುಗಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ವಿಜಯಪುರದಿಂದ ಅವಳ ಅಜ್ಜ ಹುಟ್ಟುಹಬ್ಬಕ್ಕೆಂದು ಕಳಿಸಿದ ಹಣದಲ್ಲಿ ಕೊಂಡ ದೂರದರ್ಶಕ. 70 ಮಿಲಿಮೀಟರ್ ವ್ಯಾಸದ ಮಸೂರ, 700 ಮಿಲಿಮೀಟರ್ ನಾಭಿದೂರ. "ಕಾಕಾ, ಇದು ಒಳ್ಳೆಯದೋ ಅಲ್ಲವೋ ನೋಡಿ ಹೇಳಿ. ಹತ್ತು ದಿನದೊಳಗಾದರೆ ಹಿಂದಿರುಗಿಸಬಹುದಂತೆ" ಎಂದಳು.

ಮಸೂರವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಹೇಳಬಹುದಾದ ಮಾತಲ್ಲ ಇದು. ಗಾಜು ಎಷ್ಟೇ ಹೊಳೆಯಲಿ, ಅದರಿಂದ ಹಾದುಬಂದ ಬೆಳಕಿನ ಅಲೆಯಲ್ಲಿ ಕಾಲು ತರಂಗದೂರದಷ್ಟು ಏರುಪೇರಿದ್ದರೆ ಬಿಂಬ ಕೆಡತೊಡಗುತ್ತದೆ. ಕಾಲು ತರಂಗದೂರ ಅಂದರೆ ಒಂದು ಮಿಲಿಮೀಟರನ್ನು ಏಳು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟು ಸಣ್ಣ ತಪ್ಪನ್ನು ಹಿಡಿದು ತೋರಿಸುವ ಒರೆಗಲ್ಲು ನಮ್ಮೆಲ್ಲರ ನೆತ್ತಿಯ ಮೇಲಿದೆ, ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಬರಿಗಣ್ಣಿಗೆ ಒಂದೇ ಆಗಿ ಕಂಡು ದೂರದರ್ಶಕದಲ್ಲಿ ಎರಡಾಗುವ ಜೋಡಿ ನಕ್ಷತ್ರಗಳೇ ಆ ಒರೆಗಲ್ಲು. ಅವು ಎಷ್ಟು ಹತ್ತಿರವಿವೆ, ಎಷ್ಟು ಪ್ರಕಾಶವಾಗಿವೆ ಎಂಬುದು ಅಳೆದು ಗೊತ್ತಿರುವ ಸಂಗತಿ. ನಿಮ್ಮ ದೂರದರ್ಶಕ ಅವುಗಳನ್ನು ಹೇಗೆ ತೋರಿಸುತ್ತದೆ ಎಂಬುದೊಂದೇ ಗೊತ್ತಿಲ್ಲದ ಸಂಗತಿ.

ಪುಣೆ, ಮುಂಬಯಿಗಳಂಥ ಊರಿನಲ್ಲಿ ಇರುವವರಿಗೆ ಇನ್ನೊಂದು ಸಮಾಧಾನವಿದೆ. ಆಕಾಶಗಂಗೆ ಕಾಣದಷ್ಟು ಬೆಳಕು ತುಂಬಿದ ಆಕಾಶದಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ. ನೆಬ್ಯುಲಾ (ಆಕಾಶದ ಮಂಕು ಅನಿಲ ಮೋಡ) ನೋಡಲು ಊರು ಬಿಟ್ಟು ದೂರ ಹೋಗಬೇಕು. ಕ್ಯಾಸ್ಟರ್ ಎಂಬ ಜೋಡಿ ನಕ್ಷತ್ರವನ್ನು ಸೀಳಿ, ಅಂದರೆ ಎರಡಾಗಿ, ನೋಡಲು ಮನೆಯ ತಾರಸಿ ಸಾಕು.

ಮೊದಲು ನಿಮ್ಮ ದೂರದರ್ಶಕದ ಸಂಖ್ಯೆ ತಿಳಿದುಕೊಳ್ಳಿ

ನಕ್ಷತ್ರ ಎಷ್ಟು ದೂರವಿದ್ದರೂ, ಮಸೂರ ಎಷ್ಟು ಪರಿಪೂರ್ಣವಾಗಿದ್ದರೂ, ದೂರದರ್ಶಕದಲ್ಲಿ ಅದು ಚುಕ್ಕೆಯಾಗಿ ಕಾಣುವುದಿಲ್ಲ. ಹೆಚ್ಚಿನ ವರ್ಧನೆಯಲ್ಲಿ ಒಂದು ಪುಟ್ಟ ಬಿಲ್ಲೆ, ಅದರ ಸುತ್ತ ಒಂದೆರಡು ತೆಳ್ಳನೆಯ ಬಳೆಗಳು ಕಾಣುತ್ತವೆ. ಬೆಳಕು ಅಲೆಯಾಗಿರುವುದರಿಂದ ಆಗುವ ವಿವರ್ತನೆ ಇದು. 1835ರಲ್ಲಿ ಜಾರ್ಜ್ ಏರಿ ಇದರ ಲೆಕ್ಕವನ್ನು ಬಿಡಿಸಿದ್ದರಿಂದ ಆ ಬಿಲ್ಲೆಗೆ ಏರಿ ಬಿಲ್ಲೆ ಎಂದೇ ಹೆಸರು. ಮಸೂರ ದೊಡ್ಡದಾದಷ್ಟೂ ಬಿಲ್ಲೆ ಚಿಕ್ಕದಾಗುತ್ತದೆ.

ಎರಡು ಬಿಲ್ಲೆಗಳು ಎಷ್ಟು ಹತ್ತಿರ ಬರುವವರೆಗೆ ಬೇರೆಬೇರೆ ಎಂದು ಗೊತ್ತಾಗುತ್ತವೆ ಎಂಬುದಕ್ಕೆ ಬಳಕೆಯಲ್ಲಿರುವ ಅಳತೆ ಡಾಸ್ ಮಿತಿ. ಹದ್ದಿನ ಕಣ್ಣಿನವರೆಂದು ಹೆಸರಾಗಿದ್ದ ಇಂಗ್ಲೆಂಡಿನ ವಿಲಿಯಂ ರಟರ್ ಡಾಸ್ ಇದನ್ನು ಕಾಗದದ ಮೇಲಿನ ಲೆಕ್ಕದಿಂದ ಪಡೆಯಲಿಲ್ಲ, ವರ್ಷಗಟ್ಟಲೆ ಜೋಡಿಗಳನ್ನು ನೋಡಿ ಕಂಡುಕೊಂಡರು. 116ನ್ನು ಮಿಲಿಮೀಟರುಗಳಲ್ಲಿರುವ ಮಸೂರದ ವ್ಯಾಸದಿಂದ ಭಾಗಿಸಿ. ಬರುವುದು ಆರ್ಕ್ ಸೆಕೆಂಡುಗಳಲ್ಲಿ ನಿಮ್ಮ ಮಿತಿ. 60 ಮಿಲಿಮೀಟರಿಗೆ 1.9, 70ಕ್ಕೆ 1.7, 80ಕ್ಕೆ 1.45, 114ಕ್ಕೆ 1.0, 130ಕ್ಕೆ 0.9. ಒಂದು ಆರ್ಕ್ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೆಯ ಪಾಲು.

ಈ ಮಿತಿ ಹೊಂದುವುದು ಹೆಚ್ಚು ಕಡಿಮೆ ಆರನೆಯ ಕಾಂತಿಮಾನದ, ಸಮಾನ ಪ್ರಕಾಶದ ಜೋಡಿಗಳಿಗೆ ಮಾತ್ರ. ಕಾಂತಿಮಾನ ಅಂದರೆ ನಕ್ಷತ್ರದ ಪ್ರಕಾಶದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಒಂದು ನಕ್ಷತ್ರ ಬೆಳಗುತ್ತಿದ್ದು ಇನ್ನೊಂದು ಮಂಕಾಗಿದ್ದರೆ ಈ ಸಂಖ್ಯೆಯನ್ನು ಹಿಡಿದು ಜಗಳಕ್ಕೆ ಇಳಿಯಬೇಡಿ. ಸಮಾನ ಜೋಡಿಯಲ್ಲಿಯೂ ಮಿತಿಯ ಒಂದೂವರೆಪಟ್ಟು ಅಂತರವಿರುವುದನ್ನು ಆರಿಸಿಕೊಂಡರೆ ಆರಂಭಕ್ಕೆ ನ್ಯಾಯವಾದ ಪರೀಕ್ಷೆ.

ಗಾಳಿ ಸುಮ್ಮನಿರುವ ರಾತ್ರಿ

ಹೊಸಬರು ಆಕಾಶ ಸ್ವಚ್ಛವಾಗಿದೆಯೇ ಎಂದು ನೋಡುತ್ತಾರೆ. ಈ ಕೆಲಸಕ್ಕೆ ಬೇಕಾದದ್ದು ಸ್ವಚ್ಛ ಆಕಾಶವಲ್ಲ, ಅಲುಗದ ಗಾಳಿ. ನಕ್ಷತ್ರಗಳು ಮಿಣಮಿಣ ಮಿನುಗುತ್ತಿದ್ದರೆ ನೋಟಕ್ಕೆ ಚೆಂದ, ಪರೀಕ್ಷೆಗೆ ಕೆಟ್ಟದ್ದು. ಪುಣೆಯಲ್ಲಿ ನನ್ನ ಅನುಭವಕ್ಕೆ ಬಂದಂತೆ, ಮಳೆ ಬಂದು ಹೋದ ಮರುದಿನ ಗಾಜಿನಂತೆ ತೊಳೆದಿಟ್ಟ ಆಕಾಶ ಎಷ್ಟೋ ಸಲ ಕುದಿಯುತ್ತಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ನಗರದ ಮೇಲೆ ಹೊಗೆಮಂಜು ಕವಿದು ಆಕಾಶ ಮಂಕಾಗಿರುವ ರಾತ್ರಿಗಳಲ್ಲಿ ನಕ್ಷತ್ರದ ಬಿಲ್ಲೆ ಕಲ್ಲಿನಲ್ಲಿ ಕೆತ್ತಿದಂತೆ ನಿಂತಿರುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಗಳನ್ನು ಬಿಟ್ಟುಬಿಡಿ, ಕಟ್ಟಡಗಳೆಲ್ಲ ಕಾವು ಕಕ್ಕುತ್ತಿರುತ್ತವೆ. ಆ ತಿಂಗಳುಗಳಲ್ಲಿ ನಡುರಾತ್ರಿಯ ನಂತರ ಅಥವಾ ಬೆಳಗಿನ ಜಾವ ಏಳುವುದೇ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಮೋಡ.

ಸ್ಥಿರತೆಗೆ ಒಂದು ಅಂಕ ಕೊಡುವ ಅಭ್ಯಾಸ ಮಾಡಿಕೊಳ್ಳಿ. ವಿಲಿಯಂ ಪಿಕರಿಂಗ್ ಮಾಡಿದ 1ರಿಂದ 10ರವರೆಗಿನ ಮಾಪನವೇ ಸಾಕು: ನಕ್ಷತ್ರ ಬರೀ ಕುದಿಯುವ ಉಂಡೆಯಾಗಿ ಕಂಡರೆ 1 ಅಥವಾ 2, ಬಿಲ್ಲೆ ಆಗಾಗ ಕಂಡು ಬಳೆಗಳು ತುಂಡುತುಂಡಾಗಿ ಕಂಡರೆ 5ರ ಆಸುಪಾಸು, ಬಿಲ್ಲೆಯೂ ಬಳೆಯೂ ಕದಲದೆ ನಿಂತರೆ 9, 10. ಅಂಕ 5ಕ್ಕಿಂತ ಕಡಿಮೆ ಇದ್ದ ರಾತ್ರಿ ದೂರದರ್ಶಕದ ಬಗ್ಗೆ ಯಾವ ತೀರ್ಮಾನವನ್ನೂ ಬರೆಯಬೇಡಿ.

ಇನ್ನು ತಾರಸಿ. ದಿನವಿಡೀ ಬಿಸಿಲು ಕುಡಿದ ಸಿಮೆಂಟಿನ ನೆಲ ರಾತ್ರಿ ಹನ್ನೊಂದಾದರೂ ಬಿಸಿಯುಸಿರು ಬಿಡುತ್ತದೆ. ಸಂಜೆಯೇ ನಾಲ್ಕು ಬಕೆಟ್ ನೀರು ಸುರಿದು, ನಿಲ್ಲುವ ಜಾಗದಲ್ಲಿ ಗೋಣಿಚೀಲ ಹಾಸಿದರೆ ಎಷ್ಟೋ ವ್ಯತ್ಯಾಸವಾಗುತ್ತದೆ. ಪಕ್ಕದ ಕಟ್ಟಡದ ಎ.ಸಿ. ಡಬ್ಬಿಗಳ ಮೇಲಿಂದ ಹಾದುಹೋಗುವ ನೋಟ ಬೇಡ. ನಕ್ಷತ್ರ ದಿಗಂತದಿಂದ 45 ಡಿಗ್ರಿಗಿಂತ ಮೇಲಿರಲಿ. ಈ ವಿಷಯದಲ್ಲಿ ನಮ್ಮ ಅಕ್ಷಾಂಶ ಕೊಟ್ಟ ವರ ದೊಡ್ಡದು. ಪುಣೆ ಇರುವುದು 18.5 ಡಿಗ್ರಿ ಉತ್ತರದಲ್ಲಿ. ಸಿಂಹರಾಶಿಯ ಆಲ್ಜೀಬಾ, ಅಶ್ವಿನಿಯ ಗಾಮಾ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತವೆ.

ದೂರದರ್ಶಕವೂ ತಣಿಯಬೇಕು. ಸಣ್ಣ ಮಸೂರದ್ದಾದರೆ ಇಪ್ಪತ್ತು ನಿಮಿಷ, 114 ಅಥವಾ 130 ಮಿಲಿಮೀಟರ್ ಕನ್ನಡಿಯದ್ದಾದರೆ ಮುಕ್ಕಾಲು ಗಂಟೆ ಹೊರಗಿಟ್ಟು ಆಮೇಲೆ ಕಣ್ಣಿಡಿ. ಕೊಳವೆಯೊಳಗೆ ಬಿಸಿಗಾಳಿ ಏಳುತ್ತಿರುವಾಗ ನೋಡಿದರೆ ನಕ್ಷತ್ರಕ್ಕೆ ಒಂದು ಕಡೆ ಜುಟ್ಟು ಬಂದಂತೆ ಕಾಣುತ್ತದೆ.

ಗಾಜನ್ನು ದೂರುವ ಮೊದಲು

ಇಲ್ಲಿ ನನ್ನದೊಂದು ನೋವಿನ ಕಥೆ ಹೇಳಬೇಕು. ಧಾರವಾಡದಿಂದ ಪುಣೆಗೆ ಬಂದ ಮೊದಲ ವರ್ಷಗಳಲ್ಲಿ ಹಳೆಯದೊಂದು 114 ಮಿಲಿಮೀಟರ್ ಕನ್ನಡಿಯ ದೂರದರ್ಶಕ ಕೊಂಡಿದ್ದೆ. ಎರಡು ತಿಂಗಳು ನೋಡಿದೆ. ಯಾವ ನಕ್ಷತ್ರವನ್ನು ನೋಡಿದರೂ ಅದಕ್ಕೊಂದು ಧೂಮಕೇತುವಿನ ಬಾಲ. ಕನ್ನಡಿಯೇ ಕೆಟ್ಟದ್ದು ಎಂದು ತೀರ್ಮಾನಿಸಿ ಅರ್ಧ ಬೆಲೆಗೆ ಮಾರಿಬಿಟ್ಟೆ. ಕೊಂಡವರು ಒಂದು ವಾರದ ನಂತರ ಕರೆದು, ಅದೇ ದೂರದರ್ಶಕದಲ್ಲಿ ಕನ್ಯಾರಾಶಿಯ ಪೊರಿಮಾ ನಕ್ಷತ್ರವನ್ನು ಎರಡು ಶುದ್ಧ ಮುತ್ತುಗಳಾಗಿ ತೋರಿಸಿದರು. ಅವರು ಮಾಡಿದ್ದು ಇಷ್ಟೇ: ಹಿಂದಿನ ಮೂರು ತಿರುಪುಗಳನ್ನು ತಿರುಗಿಸಿ ಕನ್ನಡಿಯನ್ನು ನೇರ ಮಾಡಿದ್ದರು. ಆ ರಾತ್ರಿ ಮನೆಗೆ ನಡೆದುಕೊಂಡು ಬಂದದ್ದು ಇಂದಿಗೂ ನೆನಪಿದೆ.

ಹಾಗಾಗಿ ಕ್ರಮ ಹೀಗಿರಲಿ. ಕನ್ನಡಿಯ ದೂರದರ್ಶಕವಾದರೆ ಮೊದಲು ಕಾಲಿಮೇಶನ್, ಅಂದರೆ ಎರಡೂ ಕನ್ನಡಿಗಳನ್ನು ಐಪೀಸಿನ (ಕಣ್ಣಿಡುವ ಕಡೆಯ ಸಣ್ಣ ಮಸೂರದ) ನಡುವಿಗೆ ನೇರ ಮಾಡುವುದು. ನೋಟದ ನಡುಮಧ್ಯದಲ್ಲಿಟ್ಟ ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿದಾಗ, ನಡುವಿನ ಕಪ್ಪು ನೆರಳು ಬಳೆಗಳ ಕೇಂದ್ರದಲ್ಲಿಯೇ ಇರಬೇಕು. ಒಂದು ಕಡೆಗೆ ಸರಿದಿದ್ದರೆ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು, ಮತ್ತೆ ನೋಡಿ. ಸಾವಧಾನ ಬೇಕು. ಒಬ್ಬರು ಕಣ್ಣಿಟ್ಟು ಇನ್ನೊಬ್ಬರು ತಿರುಪು ಹಿಡಿದರೆ ಬೇಗ ಮುಗಿಯುತ್ತದೆ.

ಮಸೂರದ ದೂರದರ್ಶಕವಾದರೆ, ಬೆಳಕನ್ನು ಐಪೀಸಿನ ಕಡೆ ಬಾಗಿಸುವ ಡಯಾಗನಲ್ ಮೇಲೆ ಕಣ್ಣಿಡಿ. ಅಗ್ಗದ ಉಪಕರಣಗಳ ಜೊತೆ ಬರುವ, ಚಿತ್ರವನ್ನು ನೆಟ್ಟಗೆ ತೋರಿಸುವ 45 ಡಿಗ್ರಿಯ ಪ್ರಿಸಂ ಹಗಲಿನಲ್ಲಿ ಗಿಡಮರ ನೋಡಲು ಮಾಡಿದ್ದು. ಪ್ರಕಾಶವಾದ ನಕ್ಷತ್ರದ ಅಡ್ಡಕ್ಕೆ ಅದು ಒಂದು ಬೆಳಕಿನ ಗೆರೆ ಎಳೆಯುತ್ತದೆ. ಮೇಲಿನ ಹುಡುಗಿಯ ಪೆಟ್ಟಿಗೆಯಲ್ಲಿಯೂ ಇದೇ ಇತ್ತು. ಲುಬ್ಧಕ (ಸಿರಿಯಸ್) ನಕ್ಷತ್ರಕ್ಕೆ ಎರಡು ಮೀಸೆ ಬಂದಿದ್ದವು. ಪ್ರಿಸಂ ತೆಗೆದು ಐಪೀಸನ್ನು ನೇರವಾಗಿ ಹಾಕಿದೊಡನೆ ಮೀಸೆ ಮಾಯ. ಕುತ್ತಿಗೆ ನೋಯುತ್ತದೆ ನಿಜ, ಆದರೂ ಪರೀಕ್ಷೆಯ ರಾತ್ರಿಗಳಲ್ಲಿ ಡಯಾಗನಲ್ ಇಲ್ಲದೆಯೇ ನೋಡಿ. ಫೋಕಸ್ ಸಿಗುವಷ್ಟು ಕೊಳವೆ ಹೊರಗೆ ಬಾರದಿದ್ದರೆ ಒಳ್ಳೆಯ ಡಯಾಗನಲ್ ಒಂದನ್ನು ಎರವಲು ತನ್ನಿ.

ಐಪೀಸ್ ಕೂಡ ಎರವಲು ತರಬೇಕಾದ ವಸ್ತುವೇ. ಜೊತೆಗೆ ಬರುವ 4 ಮಿಲಿಮೀಟರ್ ಐಪೀಸ್ ಮತ್ತು ಪ್ಲಾಸ್ಟಿಕ್‌ನ ಬಾರ್ಲೋಗಳಿಂದ (ವರ್ಧನೆಯನ್ನು ಮೂರುಪಟ್ಟು ಮಾಡುವ ಜೋಡಣೆ ಮಸೂರಗಳಿಂದ) ಯಾವ ಮಸೂರಕ್ಕೂ ನ್ಯಾಯ ಸಿಗದು. 5 ಅಥವಾ 6 ಮಿಲಿಮೀಟರಿನ ಒಂದು ಪ್ಲೋಸಲ್ ಬಗೆಯ ಐಪೀಸ್ ಸಾಕು. ಪುಣೆಯಲ್ಲಿ 1944ರಿಂದಲೂ ಇರುವ ಜ್ಯೋತಿರ್ವಿದ್ಯಾ ಪರಿಸಂಸ್ಥೆಯಂಥ ಹವ್ಯಾಸಿಗಳ ಕೂಟಗಳಲ್ಲಿ, ಸ್ವತಃ ಕನ್ನಡಿ ತಿಕ್ಕಿ ದೂರದರ್ಶಕ ಮಾಡಿಕೊಂಡವರಲ್ಲಿ ಕೇಳಿದರೆ ಒಂದು ರಾತ್ರಿಯ ಮಟ್ಟಿಗೆ ಕೊಡುವವರು ಸಿಗುತ್ತಾರೆ. ಅಂದಹಾಗೆ, ಈ ಊರಿಗೆ ಒಳ್ಳೆಯ ಗಾಜಿನ ಪರಿಚಯ ಹೊಸದಲ್ಲ. 1888ರಲ್ಲಿ ಶುರುವಾದ ಇಲ್ಲಿನ ಮಹಾರಾಜ ತಖ್ತಸಿಂಗಜೀ ವೀಕ್ಷಣಾಲಯದಲ್ಲಿ ಕಾವಸ್‌ಜಿ ನೇಗಮ್‌ವಾಲಾ ಅವರ ಕೈಯಲ್ಲಿದ್ದ 20 ಅಂಗುಲದ ಗ್ರಬ್ ದೂರದರ್ಶಕ ಆಗ ದೇಶಕ್ಕೇ ದೊಡ್ಡದು. 1912ರಲ್ಲಿ ವೀಕ್ಷಣಾಲಯ ಮುಚ್ಚಿದಾಗ ಅದು ಕೊಡೈಕನಾಲಿಗೆ ಹೋಯಿತು.

ವರ್ಧನೆ ಎಷ್ಟಿರಬೇಕು? ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಒಂದೂವರೆಯಿಂದ ಎರಡುಪಟ್ಟು. 70ಕ್ಕೆ 105ರಿಂದ 140. 700 ಮಿಲಿಮೀಟರ್ ನಾಭಿದೂರಕ್ಕೆ 6 ಮಿಲಿಮೀಟರ್ ಐಪೀಸ್ ಹಾಕಿದರೆ 117 ಬರುತ್ತದೆ, ಅದು ಹೇಳಿ ಮಾಡಿಸಿದ್ದು. ಮೋಟಾರಿಲ್ಲದ ಸ್ಟ್ಯಾಂಡಿನಲ್ಲಿ ನಕ್ಷತ್ರ ಓಡಿಹೋಗುತ್ತದೆ ಎಂದು ಹೆದರಬೇಡಿ. 150 ವರ್ಧನೆಯಲ್ಲಿಯೂ ಸಾಮಾನ್ಯ ಐಪೀಸಿನ ನೋಟವನ್ನು ದಾಟಲು ಅದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಕು. ಅಂಚಿನಲ್ಲಿ ಬಿಟ್ಟು, ನಡುವಿಗೆ ಬರುವವರೆಗೆ ಕಾದು, ನಡುವಿನಲ್ಲಿರುವಾಗ ಮಾತ್ರ ನೋಡಿ. ಕೈ ತಾಗದಿರುವುದರಿಂದ ಅಲುಗಾಟವೂ ಇರದು. ಉತ್ತರದ ದೇಶಗಳವರು ಓಡದ ನಕ್ಷತ್ರವೆಂದು ಧ್ರುವವನ್ನು ಸೂಚಿಸುತ್ತಾರೆ. ನಮಗೆ ಅದು ಬರೀ ಹದಿನೆಂಟು ಹತ್ತೊಂಬತ್ತು ಡಿಗ್ರಿ ಎತ್ತರದಲ್ಲಿ, ನಗರದ ಹೊಗೆಯಲ್ಲಿ ಮುಳುಗಿರುತ್ತದೆ. ಆ ಸಲಹೆ ನಮ್ಮ ಊರಿಗೆ ಹೊಂದುವುದಿಲ್ಲ.

ಒಂಟಿ ನಕ್ಷತ್ರದಿಂದ ಆರಂಭ

ಎರಡನೆಯ ಕಾಂತಿಮಾನದ, ಎತ್ತರದಲ್ಲಿರುವ ಒಂದು ನಕ್ಷತ್ರವನ್ನು ನಡುವಿಗೆ ತನ್ನಿ. ಫೋಕಸ್ ಗುಬ್ಬಿಯನ್ನು ಒಳಕ್ಕೆ ತಿರುಗಿಸಿ ನಾಲ್ಕೈದು ಬಳೆಗಳು ಕಾಣುವಂತೆ ಮಾಡಿ. ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ಫೋಕಸ್ ದಾಟಿಸಿ, ಅಷ್ಟೇ ಹೊರಕ್ಕೆ ತಿರುಗಿಸಿ. ಎರಡೂ ಕಡೆಯ ಬಳೆಗಳು ಒಂದೇ ತರಹ ಕಂಡರೆ ನಿಮಗೆ ಸಿಕ್ಕಿರುವುದು ಅಪರೂಪದ ಗಾಜು. ಸಣ್ಣಪುಟ್ಟ ವ್ಯತ್ಯಾಸ ಎಲ್ಲದರಲ್ಲಿಯೂ ಇರುತ್ತದೆ.

ಒಂದು ಕಡೆ ಬಳೆಗಳು ಉಗುರಿನಲ್ಲಿ ಗೀರಿದಂತೆ ಸ್ಪಷ್ಟವಾಗಿದ್ದು, ಇನ್ನೊಂದು ಕಡೆ ಹಿಟ್ಟು ಚೆಲ್ಲಿದಂತೆ ಕಲಸಿಹೋಗಿದ್ದರೆ ಗೋಳೀಯ ದೋಷವಿದೆ. ಮಸೂರದ ಅಂಚಿನ ಬೆಳಕೂ ನಡುವಿನ ಬೆಳಕೂ ಒಂದೇ ಕಡೆ ಸೇರುತ್ತಿಲ್ಲ. ಕಲಸಿಹೋದದ್ದು ಹೊರಗಿನ ಬಳೆ ಮಾತ್ರವಾದರೆ ಗಾಜಿನ ಅಂಚಷ್ಟೇ ಇಳಿದಿರಬಹುದು. ಆಗ ರಟ್ಟಿನಲ್ಲಿ 50 ಅಥವಾ 60 ಮಿಲಿಮೀಟರಿನ ದುಂಡನೆಯ ತೂತು ಕೊರೆದು ಮಸೂರದ ಮುಂದೆ ಹಿಡಿದು ನೋಡಿ. ಬಳೆಗಳು ಎರಡೂ ಕಡೆ ಒಂದೇ ಸಮ ಆದರೆ ತಪ್ಪು ಅಂಚಿನದೇ.

ಬಳೆಗಳು ದುಂಡಗಿರದೆ ಮೊಟ್ಟೆಯಾಕಾರವಾಗಿ, ಫೋಕಸಿನ ಒಂದು ಕಡೆ ಉದ್ದಕ್ಕೆ, ಇನ್ನೊಂದು ಕಡೆ ಅಡ್ಡಕ್ಕೆ ಮಲಗಿದರೆ ಅದು ಆಸ್ಟಿಗ್ಮ್ಯಾಟಿಸಂ. ಜೋಡಿ ನಕ್ಷತ್ರ ನೋಡುವವರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ, ಏಕೆಂದರೆ ಒಂಟಿ ನಕ್ಷತ್ರವನ್ನೇ ಇದು ಜೋಡಿಯಂತೆ ಉದ್ದ ಎಳೆಯುತ್ತದೆ. ತಪ್ಪು ಯಾರದೆಂದು ತಿಳಿಯಲು ಒಂದೊಂದಾಗಿ ತಿರುಗಿಸುತ್ತ ಬನ್ನಿ. ನಿಮ್ಮ ತಲೆಯನ್ನು ಓರೆ ಮಾಡಿದಾಗ ಮೊಟ್ಟೆಯೂ ಓರೆಯಾದರೆ ದೋಷ ಕಣ್ಣಿನದು. ಐಪೀಸನ್ನು ಅದರ ಜಾಗದಲ್ಲಿಯೇ ತಿರುಗಿಸಿದಾಗ ಮೊಟ್ಟೆಯೂ ತಿರುಗಿದರೆ ಐಪೀಸಿನದು. ಡಯಾಗನಲ್ ತೆಗೆದಾಗ ಹೋದರೆ ಅದರದು. ಯಾವುದಕ್ಕೂ ಜಗ್ಗದೆ ನಿಂತರೆ ಮುಖ್ಯ ಮಸೂರದ್ದು ಅಥವಾ ಕನ್ನಡಿಯದು.

ಮೂರು ಮೂಲೆಯ ನಕ್ಷತ್ರ ಕಂಡರೆ ಸಂತೋಷಪಡಿ, ಅದು ಸಾಮಾನ್ಯವಾಗಿ ವಾಸಿಯಾಗುವ ರೋಗ. ಗಾಜನ್ನು ಹಿಡಿದಿರುವ ಮೂರು ಹಿಡಿಕೆಗಳು ಅಥವಾ ಬಿಗಿಯುಂಗುರ ಅತಿಯಾಗಿ ಒತ್ತುತ್ತಿದೆ ಎಂದರ್ಥ. ಚಳಿಗೆ ಲೋಹ ಕುಗ್ಗಿದಾಗ ಇನ್ನೂ ಹೆಚ್ಚಾಗುತ್ತದೆ. ಹಿಡಿಕೆಗೂ ಕನ್ನಡಿಗೂ ನಡುವೆ ಒಂದು ಕಾಗದದ ಹಾಳೆ ಸಲೀಸಾಗಿ ಜಾರುವಷ್ಟು ಸಡಿಲಿಸಿದರೆ ಸರಿಹೋಗುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಮಾತ್ರ ಯಾವ ತಿರುಪನ್ನೂ ಬಿಚ್ಚಬೇಡಿ.

ಪ್ರಕಾಶವಾದ ನಕ್ಷತ್ರದ ಸುತ್ತ ನೇರಳೆ ಪರಿವೇಷ ಕಂಡರೆ ಗಾಬರಿ ಬೇಡ. ಎರಡು ಗಾಜಿನ ಸಾಮಾನ್ಯ ಮಸೂರದ ಸ್ವಭಾವವೇ ಅದು, ನಾಭಿದೂರ ಕಡಿಮೆಯಾದಷ್ಟೂ ಹೆಚ್ಚು. ಒಂದು ಬದಿ ಕೆಂಪು, ಎದುರು ಬದಿ ನೀಲಿ ಕಂಡರೆ ನಕ್ಷತ್ರ ತೀರ ಕೆಳಗಿದೆಯೇ ನೋಡಿ. ವಾತಾವರಣವೇ ಪ್ರಿಸಂನಂತೆ ಬಣ್ಣ ಒಡೆಯುತ್ತಿರುತ್ತದೆ. ನೆತ್ತಿಯ ನಕ್ಷತ್ರದಲ್ಲಿಯೂ ಹಾಗೆಯೇ ಕಂಡರೆ ಮಸೂರ ಓರೆಯಾಗಿ ಕೂತಿದೆ.

ಸಮಾನ ಜೋಡಿಗಳ ಮೆಟ್ಟಿಲು

ಈಗ ಜೋಡಿಗಳು. ಸಪ್ತರ್ಷಿ ಮಂಡಲದ ವಸಿಷ್ಠನಿಂದ ಶುರು ಮಾಡುವುದು ನನಗೆ ಇಷ್ಟ. ನಮ್ಮ ಮದುವೆಗಳಲ್ಲಿ ಪುರೋಹಿತರು ತೋರಿಸುವ ಅರುಂಧತಿ ವಸಿಷ್ಠನಿಂದ ಸುಮಾರು 700 ಆರ್ಕ್ ಸೆಕೆಂಡ್ ದೂರದಲ್ಲಿದ್ದಾಳೆ, ಬರಿಗಣ್ಣಿಗೇ ಕಾಣುತ್ತಾಳೆ. ದೂರದರ್ಶಕದಲ್ಲಿ ವಸಿಷ್ಠನೇ ಎರಡಾಗುತ್ತಾನೆ, ಅಂತರ 14 ಆರ್ಕ್ ಸೆಕೆಂಡ್ (ಮುಂದಿನ ಅಂತರಗಳೂ ಇದೇ ಅಳತೆಯಲ್ಲಿ). ಇದನ್ನು ಎಂಥ ಉಪಕರಣವೂ ಸೀಳುತ್ತದೆ. ಸೀಳದಿದ್ದರೆ ಮುಂದಕ್ಕೆ ಹೋಗುವ ಅಗತ್ಯವಿಲ್ಲ, ಹಿಂದಿರುಗಿಸಿಬಿಡಿ.

ಮುಂದಿನ ಮೆಟ್ಟಿಲುಗಳು ಕಾಲಕ್ಕೆ ತಕ್ಕಂತೆ. ಡಿಸೆಂಬರ್ ರಾತ್ರಿ ಎಂಟು ಗಂಟೆಗೆ ನೆತ್ತಿಯ ಹತ್ತಿರ ಅಶ್ವಿನಿಯ ಗಾಮಾ: ಅವಳಿಗಳಂತೆ ಒಂದೇ ಪ್ರಕಾಶದ ಎರಡು ಬಿಳಿ ನಕ್ಷತ್ರಗಳು, ಅಂತರ 7.5. 1664ರಲ್ಲಿ ರಾಬರ್ಟ್ ಹುಕ್ ಕಂಡ ಜೋಡಿ ಇದು. ಫೆಬ್ರುವರಿಯಲ್ಲಿ ಪುನರ್ವಸುವಿನ ಕ್ಯಾಸ್ಟರ್, ಅಂತರ ಐದೂವರೆಯ ಹತ್ತಿರ, ಎರಡೂ ಪ್ರಕಾಶವಾದವು. ಎರಡು ನಕ್ಷತ್ರಗಳು ಒಂದರ ಸುತ್ತ ಇನ್ನೊಂದು ಸುತ್ತುತ್ತವೆ ಎಂಬುದನ್ನು ವಿಲಿಯಂ ಹರ್ಷಲ್ 1803ರಲ್ಲಿ ಜಗತ್ತಿಗೆ ತಿಳಿಸಿದ್ದು ಈ ಕ್ಯಾಸ್ಟರನ್ನು ವರ್ಷಗಟ್ಟಲೆ ನೋಡಿ. ಏಪ್ರಿಲ್‌ನಲ್ಲಿ ಆಲ್ಜೀಬಾ, ಚಿನ್ನದ ಬಣ್ಣದ ಜೋಡಿ, ಅಂತರ 4.7. ಮೇ ತಿಂಗಳಲ್ಲಿ ಪೊರಿಮಾ.

ಪೊರಿಮಾದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಇದರ ಎರಡು ನಕ್ಷತ್ರಗಳು ಹೆಚ್ಚು ಕಡಿಮೆ ಸಂಪೂರ್ಣ ಸಮಾನ, ಎರಡೂ 3.5ನೆಯ ಕಾಂತಿಮಾನದವು. 169 ವರ್ಷಕ್ಕೊಮ್ಮೆ ಸುತ್ತು ಮುಗಿಸುವ ಇವು 2005ರಲ್ಲಿ ಅರ್ಧ ಸೆಕೆಂಡಿಗಿಂತ ಹತ್ತಿರ ಬಂದು ಸಣ್ಣ ದೂರದರ್ಶಕಗಳಿಗೆ ಒಂದೇ ಆಗಿಬಿಟ್ಟಿದ್ದವು. ಈಗ ಮೂರು ಸೆಕೆಂಡಿಗಿಂತ ಹೆಚ್ಚು ಬಿರಿದಿವೆ. ಹಳೆಯ ಪಟ್ಟಿಗಳಲ್ಲಿನ ಅಂತರವನ್ನು ನಂಬಿ ಈ ನಕ್ಷತ್ರದಿಂದ ದೂರದರ್ಶಕಕ್ಕೆ ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ. ಬೇಗ ಸುತ್ತುವ ಜೋಡಿಗಳಿಗೆಲ್ಲ ಆ ವರ್ಷದ ಅಂತರವನ್ನೇ ಹುಡುಕಿ ಬಳಸಿ.

60ರಿಂದ 80 ಮಿಲಿಮೀಟರಿನವರಿಗೆ ನಿಜವಾದ ಪರೀಕ್ಷೆ ಎರಡೂವರೆ ಸೆಕೆಂಡಿನ ಸುತ್ತ ಇದೆ. ಅಕ್ಟೋಬರಿನಲ್ಲಿ ಕತ್ತಲಾದೊಡನೆ ವಾಯುವ್ಯದಲ್ಲಿ ಹೊಳೆಯುವ ಅಭಿಜಿತ್‌ನ ಪಕ್ಕದ ಎಪ್ಸಿಲಾನ್ ಲೈರೇ ನೋಡಿ. ಬೈನಾಕ್ಯುಲರ್‌ನಲ್ಲಿ ಎರಡಾಗಿ ಕಾಣುವ ಇದರ ಒಂದೊಂದೂ ಮತ್ತೆ ಎರಡು, ಅಂತರ ಎರಡೂಕಾಲರಿಂದ ಎರಡೂವರೆ. ಒಂದು ಜೋಡಿ ನಿಂತಂತೆ, ಇನ್ನೊಂದು ಮಲಗಿದಂತೆ, ಒಂದಕ್ಕೊಂದು ಅಡ್ಡವಾಗಿರುವುದರಿಂದ ಆಸ್ಟಿಗ್ಮ್ಯಾಟಿಸಂ ಇದ್ದರೆ ಒಂದೇ ನೋಟದಲ್ಲಿ ಸಿಕ್ಕಿಬೀಳುತ್ತದೆ: ಒಂದು ಜೋಡಿ ಸೀಳಿ ಇನ್ನೊಂದು ಅಂಟಿಕೊಂಡೇ ಇರುತ್ತದೆ. ನವೆಂಬರಿನಲ್ಲಿ ಅದು ಕೆಳಗಿಳಿದಿರುತ್ತದೆ. ಆಗ ಕುಂಭರಾಶಿಯ ಜೀಟಾ, ಸಮಾನವಾದ ಜೋಡಿ, ಅಂತರ 2.4ರ ಆಸುಪಾಸು. ನಮ್ಮ ಹುಡುಗಿಯ ದೂರದರ್ಶಕವನ್ನು ಒರೆಗೆ ಹಚ್ಚಿದ್ದು ಇದರಲ್ಲಿಯೇ. ಮೊದಲ ಎರಡು ರಾತ್ರಿ ಬರೀ ಉದ್ದನೆಯ ಅಕ್ಕಿಕಾಳು. ಮೂರನೆಯ ರಾತ್ರಿ, ಸ್ಥಿರತೆಗೆ 7 ಅಂಕ ಕೊಟ್ಟ ರಾತ್ರಿ, "ಕಾಕಾ, ನಡುವೆ ಕಪ್ಪು ದಾರ ಇದೆ!" ಎಂದು ಕೂಗಿದಳು.

ಸೀಳಿದರೆ ಸಾಲದು

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಡಾಸ್ ಮಿತಿಯ ಹತ್ತಿರದ ಜೋಡಿ ಸೀಳಿತು, ಹಾಗಾದರೆ ಗಾಜು ಉತ್ತಮ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಕಾರಣ ಭೌತಶಾಸ್ತ್ರದಲ್ಲಿಯೇ ಇದೆ.

ದೋಷವಿಲ್ಲದ ಮಸೂರ ನಕ್ಷತ್ರದ ಬೆಳಕಿನಲ್ಲಿ ಶೇ. 84ರಷ್ಟನ್ನು ಬಿಲ್ಲೆಗೆ ಹಾಕಿ, ಉಳಿದದ್ದನ್ನು ಬಳೆಗಳಿಗೆ ಹಂಚುತ್ತದೆ. ಅಲೆಯಲ್ಲಿ ಕಾಲು ತರಂಗದೂರದ ಗೋಳೀಯ ದೋಷ ಬಂದರೆ ಬಿಲ್ಲೆಗೆ ಸಿಗುವುದು ಶೇ. 68, ಅರ್ಧ ತರಂಗದೂರವಾದರೆ ಸುಮಾರು ಶೇ. 40. ಕಾಲು ತರಂಗದೂರದ ಮಟ್ಟದಲ್ಲಿ ಬಿಲ್ಲೆಯ ಗಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಬಿಲ್ಲೆ ಸ್ವಲ್ಪ ಮಂಕಾಗುತ್ತದೆ, ಬಳೆಗಳು ಕೊಬ್ಬುತ್ತವೆ. ಸಮಾನ ಜೋಡಿಯನ್ನು ಸೀಳಲು ಬಿಲ್ಲೆಯ ಗಾತ್ರವೊಂದೇ ಸಾಕು, ಆದ್ದರಿಂದ ಸಾಧಾರಣ ಗಾಜೂ ಪಾಸಾಗಿಬಿಡುತ್ತದೆ. ಕನ್ನಡಿಯ ದೂರದರ್ಶಕದಲ್ಲಿ ಇನ್ನೂ ವಿಚಿತ್ರ: ನಡುವಿನ ಸಣ್ಣ ಕನ್ನಡಿ ಬೆಳಕನ್ನು ತಡೆಯುವುದರಿಂದ ಬಿಲ್ಲೆ ಒಂದಿಷ್ಟು ಚಿಕ್ಕದಾಗಿ, ಬಳೆಗಳು ದಪ್ಪವಾಗುತ್ತವೆ. ಅಲ್ಲಿ ಸಮಾನ ಜೋಡಿ ಇನ್ನೂ ಸುಲಭ, ಆದರೆ ಗುರು ಗ್ರಹದ ಪಟ್ಟಿಗಳ ಸೂಕ್ಷ್ಮ ಕಾಣಲು ಕಷ್ಟ.

ಗಾಜಿನ ನಿಜವಾದ ಗುಣ ಹೊರಬೀಳುವುದು ಅಸಮಾನ ಜೋಡಿಗಳಲ್ಲಿ. ಮಂಕಾದ ಸಂಗಾತಿ ದೊಡ್ಡದರ ಬಳೆಗಳ ಹತ್ತಿರ, ಚದುರಿದ ಬೆಳಕಿನ ನಡುವೆ ಅಡಗಿರುತ್ತದೆ. ಬಳೆ ಕೊಬ್ಬಿದ್ದರೆ, ಗಾಜು ಒರಟಾಗಿದ್ದರೆ ಅದು ಮುಳುಗಿಹೋಗುತ್ತದೆ. ಜನವರಿಯಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕಾಲಿನ ರೈಜೆಲ್ ಒಳ್ಳೆಯ ಆರಂಭ. ಅಂತರ 9.5 ಸೆಕೆಂಡ್ ಇದ್ದರೂ ಸಂಗಾತಿ ಸುಮಾರು ಐನೂರು ಪಟ್ಟು ಮಂಕು. ಒಳ್ಳೆಯ 70 ಮಿಲಿಮೀಟರಿನಲ್ಲಿ ಸೂಜಿಮೊನೆಯಂತೆ ಕಾಣಬೇಕು. ಅದರ ತಲೆಯ ಕಡೆಯ, ಮೃಗಶಿರದ ಲಾಂಬ್ಡಾ ಸುಲಭದ್ದು, ಅಂತರ 4.3. ಸ್ವಾತಿಯ ಹತ್ತಿರದ ಈಜಾರ್ ಕಠಿಣ: ಅಂತರ 2.9, ಕಾಂತಿಮಾನ 2.6 ಮತ್ತು 4.8. 60 ಮಿಲಿಮೀಟರ್ ಮಸೂರದಲ್ಲಿ ನಕ್ಷತ್ರದ ಮೊದಲ ಬಳೆ ಬೀಳುವುದೇ ಸುಮಾರು 3 ಸೆಕೆಂಡಿನಲ್ಲಿ. ಈಜಾರಿನ ಸಂಗಾತಿ ಸರಿಯಾಗಿ ಆ ಬಳೆಯ ಮೇಲೆಯೇ ಕೂತಿರುತ್ತದೆ. ಕಾಣದಿದ್ದರೆ ಗಾಜನ್ನು ಬೈಯಬಾರದು. 80 ಮಿಲಿಮೀಟರಿನಲ್ಲಿ ಬಳೆ 2.3ಕ್ಕೆ ಸರಿಯುತ್ತದೆ, ಸಂಗಾತಿ ಹೊರಗೆ ಉಳಿಯುತ್ತದೆ. ಅಲ್ಲಿ ಶಾಂತ ರಾತ್ರಿಯಲ್ಲಿಯೂ ಕಾಣದಿದ್ದರೆ ಅನುಮಾನಕ್ಕೆ ಅವಕಾಶವಿದೆ.

100 ಮಿಲಿಮೀಟರಿಗಿಂತ ದೊಡ್ಡದಿರುವವರಿಗೆ ಜ್ಯೇಷ್ಠಾ ನಕ್ಷತ್ರವಿದೆ. ಕೆಂಪು ದೈತ್ಯನ ಪಕ್ಕ ಎರಡೂವರೆ ಸೆಕೆಂಡಿಗೆ ತುಸು ಹೆಚ್ಚು ದೂರದಲ್ಲಿ ಐದನೆಯ ಕಾಂತಿಮಾನದ ಸಂಗಾತಿ. ಲಂಡನ್ನಿನಲ್ಲಿ ಜ್ಯೇಷ್ಠಾ ಹನ್ನೆರಡು ಡಿಗ್ರಿಯಷ್ಟೇ ಮೇಲೇರುತ್ತದೆ, ಪುಣೆಯಲ್ಲಿ 45.

ದೂರದರ್ಶಕ ಮಾಡುವವರೂ ಹೀಗೆಯೇ ತಮ್ಮ ಗಾಜನ್ನು ಸಾಬೀತುಪಡಿಸುತ್ತಿದ್ದರು. ಅಮೆರಿಕದ ಆಲ್ವನ್ ಕ್ಲಾರ್ಕ್ ತನ್ನ ಮಸೂರಗಳಿಂದ ತಾನೇ ಕಂಡುಹಿಡಿದ ಜೋಡಿಗಳನ್ನು ಡಾಸ್ ಅವರಿಗೆ ಬರೆದು ಕಳಿಸಿದರು. ಡಾಸ್ ಆ ಮಸೂರಗಳನ್ನು ಕೊಂಡರು, ಕ್ಲಾರ್ಕ್ ಹೆಸರು ಸಾಗರ ದಾಟಿತು. 1862ರ ಜನವರಿ 31ರಂದು ಕ್ಲಾರ್ಕರ ಮಗ ಹೊಸ 18.5 ಅಂಗುಲದ ಮಸೂರವನ್ನು ಪರೀಕ್ಷಿಸಲೆಂದು ಲುಬ್ಧಕದ ಕಡೆ ತಿರುಗಿಸಿದಾಗ ಪಕ್ಕದಲ್ಲೊಂದು ಮಂಕು ಚುಕ್ಕೆ ಕಂಡಿತು. ಗಾಜಿನ ದೋಷವಿರಬಹುದೇ ಎಂಬ ಅನುಮಾನಕ್ಕೆ ಎಡೆಯಿದ್ದ ಆ ಚುಕ್ಕೆ, ಖಗೋಳಶಾಸ್ತ್ರಜ್ಞ ಬೆಸೆಲ್ 1844ರಲ್ಲಿಯೇ ಇರಬೇಕೆಂದು ಹೇಳಿದ್ದ ಲುಬ್ಧಕದ ಸಂಗಾತಿಯಾಗಿತ್ತು.

ಮನಸ್ಸು ತೋರಿಸುವ ನಕ್ಷತ್ರ

ಸಂಗಾತಿ ಇದೆ ಎಂದು ಗೊತ್ತಿದ್ದರೆ, ಕಾಣದಿದ್ದರೂ ಕಣ್ಣಿಗೆ ಕಂಡಂತಾಗುತ್ತದೆ. ಇದಕ್ಕೊಂದು ಉಪಾಯ: ಸಂಗಾತಿ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಮೊದಲೇ ಓದಿಕೊಳ್ಳಬೇಡಿ. ಐಪೀಸಿನಲ್ಲಿ ನಕ್ಷತ್ರ ಜಾರಿಹೋಗುವ ಕಡೆ ಪಶ್ಚಿಮ. ಕೊಳವೆಯನ್ನು ಧ್ರುವದ ಕಡೆ ಮೆಲ್ಲಗೆ ನೂಕಿದಾಗ ಹೊಸ ನಕ್ಷತ್ರಗಳು ಒಳಬರುವ ಅಂಚು ಉತ್ತರ. ಒಂದು ವೃತ್ತ ಬರೆದು, ಈ ಎರಡು ದಿಕ್ಕು ಗುರುತಿಸಿ, ಸಂಗಾತಿಯನ್ನು ಕಂಡ ಕಡೆ ಚುಕ್ಕೆ ಇಡಿ. ಆಮೇಲೆ ಒಳಗೆ ಹೋಗಿ ಪಟ್ಟಿಯ ಜೊತೆ ಹೋಲಿಸಿ. ರೈಜೆಲ್‌ನ ಸಂಗಾತಿಯನ್ನು ನೀವು ಉತ್ತರದಲ್ಲಿ ಬರೆದಿದ್ದರೆ ಕಂಡದ್ದು ಬೇರೇನೋ, ಅದಿರುವುದು ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿ. ಜೊತೆಗೆ ದಿನಾಂಕ, ವೇಳೆ, ವರ್ಧನೆ, ಸ್ಥಿರತೆಯ ಅಂಕ ಬರೆಯಿರಿ.

ತೀರ್ಪಿಗೆ ಮೂರು ರಾತ್ರಿ

ಮೂರು ಬೇರೆ ಬೇರೆ ಶಾಂತ ರಾತ್ರಿಗಳ ಟಿಪ್ಪಣಿ ಒಂದೇ ಮಾತು ಹೇಳಬೇಕು. ಪ್ರತಿ ಸಲವೂ ಅದೇ ಮೊಟ್ಟೆ ಅದೇ ದಿಕ್ಕಿಗೆ ಮಲಗಿದ್ದರೆ, ಸೀಳಬೇಕಾದ ಸಮಾನ ಜೋಡಿ ಮಿತಿಯ ಒಂದೂವರೆಪಟ್ಟು ಅಂತರದಲ್ಲಿಯೂ ಅಂಟಿಕೊಂಡೇ ಇದ್ದರೆ, ಹಿಂದಿರುಗಿಸಿ. ನಿಮ್ಮ ವೃತ್ತಚಿತ್ರಗಳ ಫೋಟೋ ಕಳಿಸಿದರೆ ಮಾರಿದವರೊಡನೆ ಮಾತು ಸುಲಭವಾಗುತ್ತದೆ. ಬಳೆಗಳಲ್ಲಿ ಸ್ವಲ್ಪ ವ್ಯತ್ಯಾಸವಿದ್ದು ಜೋಡಿಗಳು ಸೀಳುತ್ತಿದ್ದರೆ ಇಟ್ಟುಕೊಳ್ಳಿ. ಆ ಬೆಲೆಗೆ ಅದು ನ್ಯಾಯವಾದ ಗಾಜು.

ಹುಡುಗಿಯ ದೂರದರ್ಶಕದ ತೀರ್ಪೂ ಇದೇ ಆಯಿತು. ಫೋಕಸಿನ ಒಳಗಡೆ ಬಳೆಗಳು ತೀಕ್ಷ್ಣ, ಹೊರಗಡೆ ತುಸು ಮೃದು, ಆಸ್ಟಿಗ್ಮ್ಯಾಟಿಸಂ ಇಲ್ಲ. ಒಂಬತ್ತನೆಯ ದಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ, ಪ್ರಿಸಂ ಮತ್ತು ಬಾರ್ಲೋಗಳನ್ನು ಅದರೊಳಗೇ ಬಿಟ್ಟಳು. ಜನವರಿ ಎರಡನೆಯ ವಾರ ತಾರಸಿಯಿಂದ ಇಳಿದು ಬಂದು ಟಿಪ್ಪಣಿ ಪುಸ್ತಕ ನನ್ನ ಮುಂದೆ ಹಿಡಿದಳು. ರೈಜೆಲ್ ಎಂದು ಬರೆದ ವೃತ್ತದಲ್ಲಿ, ದಕ್ಷಿಣಕ್ಕೆ ತುಸು ಪಶ್ಚಿಮದಲ್ಲಿ, ಪೆನ್ಸಿಲಿನ ತುದಿ ತಾಗಿಸಿದಷ್ಟೇ ಸಣ್ಣ ಚುಕ್ಕೆ ಇತ್ತು.